ಡಾಂಬರಿನ ಹದ, ರಸ್ತೆಯ ಆಯುಸ್ಸು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ನೆಲಮಂಗಲದ ಬಳಿ ಹೆದ್ದಾರಿಗಳು ಕವಲೊಡೆಯುವ ಸ್ಥಳದಲ್ಲಿ ಸರಕು ಹೇರಿದ ಲಾರಿಗಳು ಒಂದರ ಹಿಂದೊಂದು ಸಾಲುಗಟ್ಟಿ ತೆವಳುತ್ತವೆ. ಕೆಲವು ತುಮಕೂರಿನ ದಾರಿ ಹಿಡಿಯುತ್ತವೆ, ಕೆಲವು ಕುಣಿಗಲ್, ಹಾಸನಗಳ ಮಾರ್ಗವಾಗಿ ಮಂಗಳೂರಿನ ಬಂದರಿಗೆ ಸಾಗುತ್ತವೆ. ಹೀಗೆ ಭಾರದ ವಾಹನಗಳು ನಿಂತು ನಿಂತು ಹೊರಡುವ ಎಡೆಗಳಲ್ಲಿ, ಗಾಲಿ ಹಾಯುವ ಕಡೆಯಲ್ಲೆಲ್ಲ ಎರಡು ಉದ್ದನೆಯ ತಗ್ಗು ಜಾಡುಗಳು ಮೂಡುವುದು ಡಾಂಬರು ರಸ್ತೆಗಳ ಸಾಮಾನ್ಯ ರೋಗ. ಅಲ್ಲಿಂದ ನಾಲ್ಕಾರು ಫರ್ಲಾಂಗು ಮುಂದೆ, ಅದೇ ಲಾರಿಗಳು ಅದೇ ಭಾರವನ್ನು ಹೊತ್ತು ವೇಗವಾಗಿ ಓಡುವ ಕಡೆ, ಅದೇ ದಿನ ಅದೇ ಸಾಮಗ್ರಿಯಿಂದ ಹಾಸಿದ ರಸ್ತೆ ಸಮತಟ್ಟಾಗಿಯೇ ಉಳಿದಿರುತ್ತದೆ. ಭಾರವೊಂದೇ ಕಾರಣವಾಗಿದ್ದರೆ ಎರಡು ಕಡೆಯೂ ಜಾಡು ಬೀಳಬೇಕಾಗಿತ್ತು. ಮಳೆಗಾಲದಲ್ಲಿ ಆ ಜಾಡುಗಳಲ್ಲಿ ನೀರು ನಿಂತು ದ್ವಿಚಕ್ರ ವಾಹನದ ಸವಾರರು ಜಾರಿ ಬೀಳುವುದರಿಂದ, ಈ ಪ್ರಶ್ನೆ ಕೇವಲ ಇಂಜಿನಿಯರುಗಳ ಕುತೂಹಲಕ್ಕೆ ಸೇರಿದುದಲ್ಲ.

ಉತ್ತರವು ಡಾಂಬರಿನ ಸ್ವಭಾವದಲ್ಲಿಯೇ ಅಡಗಿದೆ. ಕಲ್ಲಿನಂತೆ ಗಟ್ಟಿಯಾಗಿ ಕಾಣುವ ಆ ಕಪ್ಪು ವಸ್ತು ನಿಜವಾಗಿ ಬಹು ಮಂದವಾಗಿ ಹರಿಯುವ ಒಂದು ದ್ರವ.

ಹೆಸರಿನ ಬಗ್ಗೆ ಒಂದು ಮಾತು ಅಗತ್ಯ. ಡಾಂಬರು ಎಂಬುದು ಮೂಲತಃ ಕಲ್ಲಿದ್ದಲಿನಿಂದ ಬರುತ್ತಿದ್ದ ಟಾರಿಗೆ ಸಲ್ಲುತ್ತಿದ್ದ ಹೆಸರು. ಇಂದು ರಸ್ತೆಗೆ ಹಾಕುವುದು ಬಿಟುಮೆನ್. ಕಚ್ಚಾತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನೆಲ್ಲ ಬಟ್ಟಿಯಿಳಿಸಿದ ಬಳಿಕ ತಳದಲ್ಲಿ ಉಳಿಯುವ ಭಾರವಾದ ಶೇಷವೇ ಅದು. ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿಯೂ ಅದು ತಯಾರಾಗುತ್ತದೆ. ವಸ್ತು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿರುವುದರಿಂದ ಇಲ್ಲಿಯೂ ಎರಡು ಪದಗಳನ್ನೂ ಬಳಸಲಾಗಿದೆ.

ಹೆದ್ದಾರಿಯ ಮೇಲ್ಪದರದ ನೂರು ಕಿಲೋಗ್ರಾಂ ಮಿಶ್ರಣದಲ್ಲಿ ಬಿಟುಮೆನ್ ಇರುವುದು ಐದೂವರೆ ಕಿಲೋಗ್ರಾಮಿನ ಆಸುಪಾಸು. ಉಳಿದುದೆಲ್ಲ ಜಲ್ಲಿ, ಕಲ್ಲುಪುಡಿ. ಜಲ್ಲಿಯ ಒಂದೊಂದು ಚೂರಿನ ಮೇಲೂ ಅದು ಸುಮಾರು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ತೆಳ್ಳನೆಯ ಪೊರೆಯಾಗಿ ಹಬ್ಬಿಕೊಂಡಿರುತ್ತದೆ. ಭಾರವನ್ನು ಹೊರುವುದು ಕಲ್ಲು. ಆ ಕಲ್ಲುಗಳನ್ನು ತಂತಮ್ಮ ಸ್ಥಾನದಲ್ಲಿ ಹಿಡಿದಿಡುವುದು ಈ ಪೊರೆ. ಅದು ಸಡಿಲವಾದರೆ ಕಲ್ಲುಗಳು ಸರಿದು ರಸ್ತೆ ಜಾಡುಬೀಳುತ್ತದೆ, ಅತಿಯಾಗಿ ಬಿಗಿದರೆ ಪೊರೆಯೇ ಒಡೆದು ರಸ್ತೆ ಬಿರುಕುಬಿಡುತ್ತದೆ. ರಸ್ತೆ ಶಾಸ್ತ್ರದ ಬಹುಪಾಲು ಈ ಎರಡು ಕೇಡುಗಳ ನಡುವಣ ಹದವನ್ನು ಹುಡುಕುವುದರಲ್ಲಿಯೇ ಕಳೆದಿದೆ.

ಹದವೆಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಪರಿಚಿತವಾದುದೇ. ಬೆಲ್ಲದ ಪಾಕ ಕಾಯುವಾಗ ಮನೆಯ ಹಿರಿಯರು ಒಂದು ತೊಟ್ಟನ್ನು ಬೆರಳುಗಳ ನಡುವೆ ಹಿಡಿದು ಎಳೆ ಬರುವುದೇ ಎಂದು ನೋಡುತ್ತಾರೆ. ಬಿಸಿಯಿರುವಾಗ ನೀರಿನಂತೆ ಸುರಿಯುವ ಪಾಕ ಆರಿದಂತೆಲ್ಲ ಮಂದವಾಗುತ್ತದೆ, ಕೊನೆಗೆ ಕಲ್ಲಾಗುತ್ತದೆ. ದ್ರವದ ಈ ಮಂದತನಕ್ಕೆ ವಿಜ್ಞಾನದಲ್ಲಿ ಸ್ನಿಗ್ಧತೆಯೆಂದು ಹೆಸರು. ಅದನ್ನು ಅಳೆಯುವ ಒಂದು ಮಾನ ಪಾಯ್ಸ್. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸ್ನಿಗ್ಧತೆ ಒಂದು ಪಾಯ್ಸಿನ ನೂರರಲ್ಲೊಂದು ಭಾಗ. ಅದೇ ಉಷ್ಣತೆಯಲ್ಲಿ ಹರಳೆಣ್ಣೆಯದು ಸುಮಾರು 10 ಪಾಯ್ಸ್. ಹೆದ್ದಾರಿಗಳಿಗೆ ಹೆಚ್ಚಾಗಿ ಬಳಸುವ ವಿ.ಜಿ. 30 ದರ್ಜೆಯ ಬಿಟುಮೆನ್ 60 ಡಿಗ್ರಿಗೆ ಕಾದಾಗಲೂ ಕನಿಷ್ಠ 2400 ಪಾಯ್ಸ್ ಇರಬೇಕು, ಅಂದರೆ ನೀರಿಗಿಂತ ಎರಡು ಲಕ್ಷ ನಲವತ್ತು ಸಾವಿರ ಪಟ್ಟು ಮಂದ. ಅದನ್ನೇ 135 ಡಿಗ್ರಿಗೆ ಕಾಯಿಸಿದರೆ ನಾಲ್ಕಾರು ಪಾಯ್ಸಿಗೆ ಇಳಿದು, ಹರಳೆಣ್ಣೆಗಿಂತಲೂ ಸಲೀಸಾಗಿ ಹರಿಯುತ್ತದೆ. ಎಪ್ಪತ್ತೈದು ಡಿಗ್ರಿಗಳ ಅಂತರದಲ್ಲಿ ಗುಣ ಇಷ್ಟು ಮಾರ್ಪಡುವ ವಸ್ತು ಕಟ್ಟಡ ಸಾಮಗ್ರಿಗಳಲ್ಲಿ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು.

ತಣ್ಣಗಿರುವಾಗಲೂ ಈ ಜಾತಿಯ ವಸ್ತು ಹರಿಯುತ್ತದೆಯೆಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಪ್ರಯೋಗವೊಂದು ಲೋಕಪ್ರಸಿದ್ಧವಾಗಿದೆ. ಪ್ರಾಧ್ಯಾಪಕ ಥಾಮಸ್ ಪಾರ್ನೆಲ್ ಅವರು 1927ರಲ್ಲಿ ಟಾರಿನ ಜಾತಿಯ ಪಿಚ್ ಎಂಬ ವಸ್ತುವನ್ನು ಗಾಜಿನ ಆಲಿಕೆಯೊಂದಕ್ಕೆ ತುಂಬಿಸಿ, ಅದು ಕುಳಿತುಕೊಳ್ಳಲು ಮೂರು ವರ್ಷ ಬಿಟ್ಟು, 1930ರಲ್ಲಿ ಆಲಿಕೆಯ ಮೂತಿಯನ್ನು ಕತ್ತರಿಸಿದರು. ಸುತ್ತಿಗೆಯ ಪೆಟ್ಟಿಗೆ ಗಾಜಿನಂತೆ ಸಿಡಿಯುವ ಆ ವಸ್ತು ಅಂದಿನಿಂದ ತೊಟ್ಟಿಕ್ಕುತ್ತಲೇ ಇದೆ. ಒಂಬತ್ತನೆಯ ತೊಟ್ಟು ಬಿದ್ದುದು 2014ರಲ್ಲಿ. ಒಂದೇ ಪದಾರ್ಥ ಪೆಟ್ಟಿಗೆ ಘನವಾಗಿಯೂ ಕಾಲಕ್ಕೆ ದ್ರವವಾಗಿಯೂ ವರ್ತಿಸುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ನೆಲಮಂಗಲದ ಜಾಡಿನ ಒಗಟು ಅರ್ಧ ಬಿಡಿಸಿದಂತಾಗುತ್ತದೆ.

ಗಂಟೆಗೆ 90 ಕಿಲೋಮೀಟರು ವೇಗದಲ್ಲಿ ಓಡುವ ವಾಹನದ ಗಾಲಿ ರಸ್ತೆಯ ಒಂದು ಬಿಂದುವನ್ನು ಒತ್ತುವುದು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಡಾಂಬರಿಗೆ ಹರಿಯಲು ಅವಕಾಶವೇ ಇಲ್ಲ. ಅದು ರಬ್ಬರಿನಂತೆ ತುಸು ಮಣಿದು ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಅದೇ ಲಾರಿ ಗಂಟೆಗೆ 5 ಕಿಲೋಮೀಟರಿನಂತೆ ತೆವಳಿದಾಗ ಒತ್ತಡದ ಕಾಲ ಹದಿನೆಂಟು ಪಟ್ಟು ಹೆಚ್ಚುತ್ತದೆ. ನಿಂತೇ ಬಿಟ್ಟರಂತೂ ಕೇಳಬೇಕಾದುದಿಲ್ಲ. ಆಗ ಡಾಂಬರು ದ್ರವದ ಸ್ವಭಾವವನ್ನು ತಾಳಿ ಮೆಲ್ಲನೆ ಪಕ್ಕಕ್ಕೆ ಸರಿಯುತ್ತದೆ. ಸರಿದುದು ಹಿಂದಿರುಗುವುದಿಲ್ಲ. ಒಂದು ಲಾರಿಯಿಂದ ಆಗುವ ಸರಿತ ಕಣ್ಣಿಗೆ ಕಾಣದು, ದಿನಕ್ಕೆ ಸಾವಿರಾರು ಲಾರಿಗಳಿಂದ ಆಗುವುದು ಒಂದೆರಡು ಬೇಸಗೆಗಳಲ್ಲಿ ಬೆರಳುದ್ದದ ತಗ್ಗಾಗಿ ಕಾಣಿಸಿಕೊಳ್ಳುತ್ತದೆ. ಬಸ್ಸು ನಿಲ್ದಾಣ, ಸಿಗ್ನಲ್ಲು, ಏರುದಾರಿ, ಸುಂಕದ ಕಟ್ಟೆ, ಇವೆಲ್ಲ ಜಾಡಿನ ತವರುಗಳಾಗಿರುವುದಕ್ಕೆ ಇದೇ ಕಾರಣ. ಸುಂಕದ ಕಟ್ಟೆಗಳ ಮುಂದೆ ಅನೇಕ ಕಡೆ ಡಾಂಬರನ್ನು ಬಿಟ್ಟು ಕಾಂಕ್ರೀಟು ಹಾಕಿರುವುದನ್ನು ವಾಚಕರು ಗಮನಿಸಿರಬಹುದು.

ಇದಕ್ಕೆ ಸೆಕೆಯ ಸಹಾಯವೂ ಸೇರುತ್ತದೆ. ಬೆಂಗಳೂರಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದು ಹಿತವಾದ ಹವೆಗೆ ಹೆಸರಾದುದು ನಿಜ. ಆದರೂ 2016ರ ಏಪ್ರಿಲಿನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಗಾಳಿಯ ಉಷ್ಣತೆ ಅಷ್ಟಿರುವಾಗ ಬಿಸಿಲನ್ನೆಲ್ಲ ಹೀರುವ ಕರಿಯ ರಸ್ತೆಯ ಮೈ 60 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಡಾಂಬರಿನ ಸ್ನಿಗ್ಧತೆಯನ್ನು ಸರಿಯಾಗಿ 60 ಡಿಗ್ರಿಯಲ್ಲಿಯೇ ಅಳೆಯಬೇಕೆಂಬ ನಿಯಮದ ಹಿಂದಿನ ಅರ್ಥ ಇದೇ.

ಈ ನಿಯಮ ಭಾರತದಲ್ಲಿ ಬಂದುದು ತಡವಾಗಿ. ಬಹುಕಾಲ ಇಲ್ಲಿ ಡಾಂಬರನ್ನು ಸೂಜಿಯಿಂದ ವಿಂಗಡಿಸುತ್ತಿದ್ದರು. 25 ಡಿಗ್ರಿಯಲ್ಲಿರುವ ಡಾಂಬರಿನ ಮೇಲೆ 100 ಗ್ರಾಂ ಭಾರದ ಸೂಜಿಯೊಂದನ್ನು 5 ಸೆಕೆಂಡು ಬಿಟ್ಟು, ಅದು ಎಷ್ಟು ಆಳ ಇಳಿಯಿತೆಂಬುದನ್ನು ಮಿಲಿಮೀಟರಿನ ಹತ್ತನೆಯ ಭಾಗಗಳಲ್ಲಿ ಎಣಿಸುವುದು ಕ್ರಮ. ಹಳೆಯ ಗುತ್ತಿಗೆದಾರರ ಬಾಯಲ್ಲಿ ಇಂದಿಗೂ ಕೇಳಿಬರುವ 80/100, 60/70 ಎಂಬ ದರ್ಜೆಗಳು ಈ ಸೂಜಿಯ ಲೆಕ್ಕದವು. ವಿಧಾನ ಸರಳ, ಅಗ್ಗ, ಯಾವ ಪ್ರಯೋಗಶಾಲೆಯಲ್ಲಾದರೂ ಸಾಧ್ಯ. ಅದರ ಕೊರತೆಯೆಂದರೆ, 25 ಡಿಗ್ರಿಯಲ್ಲಿ ಡಾಂಬರು ತೋರುವ ಗುಣ 60 ಡಿಗ್ರಿಯಲ್ಲಿ ತೋರಬೇಕೆಂದೇನೂ ಇಲ್ಲ. ಬೇರೆ ಬೇರೆ ಕಚ್ಚಾತೈಲಗಳಿಂದ ಬಂದ ಎರಡು ಡಾಂಬರುಗಳು ಸೂಜಿಯ ಕೆಳಗೆ ಅವಳಿಗಳಂತೆ ಕಂಡು, ಬೇಸಗೆಯ ರಸ್ತೆಯಲ್ಲಿ ಒಂದು ನಿಂತು ಇನ್ನೊಂದು ಕರಗಿದ ನಿದರ್ಶನಗಳು ಅಪರೂಪವಲ್ಲ. ಬಾಲಕನನ್ನು ನೆರಳಿನಲ್ಲಿ ಕೂರಿಸಿ ಪರೀಕ್ಷಿಸಿ ಬಿಸಿಲಿನ ಓಟಕ್ಕೆ ಆರಿಸಿದಂತೆ ಇದು.

2006ರಲ್ಲಿ ಭಾರತೀಯ ಮಾನಕ ಐ.ಎಸ್. 73 ಪರಿಷ್ಕೃತವಾಗಿ ಸ್ನಿಗ್ಧತೆಯ ದರ್ಜೆಗಳು ಜಾರಿಗೆ ಬಂದವು. 2013ರಲ್ಲಿ ಅದೇ ಮಾನಕ ಮತ್ತೊಮ್ಮೆ ತಿದ್ದುಪಡಿಯಾಯಿತು. ವಿ.ಜಿ. 10, 20, 30, 40 ಎಂಬ ನಾಲ್ಕು ದರ್ಜೆಗಳಿಗೆ 60 ಡಿಗ್ರಿಯಲ್ಲಿ ಕ್ರಮವಾಗಿ 800, 1600, 2400, 3200 ಪಾಯ್ಸುಗಳ ಕನಿಷ್ಠ ಮಿತಿ ಗೊತ್ತಾಗಿದೆ. ಸಿಂಪಡಿಸುವ ಕೆಲಸಕ್ಕೂ ಚಳಿಯ ಪ್ರದೇಶಕ್ಕೂ ವಿ.ಜಿ. 10 ಸಲ್ಲುತ್ತದೆ. ಭಾರೀ ವಾಹನಗಳು ನಿಧಾನವಾಗಿ ಸಾಗುವ ಕಡೆಗೆ ವಿ.ಜಿ. 40 ಉಚಿತ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಮುಟ್ಟಿ ಹೊಸಕೋಟೆಗೆ ಹೋಗುವ ಹೆದ್ದಾರಿಯ ಅಗತ್ಯವೂ, ದಿನಕ್ಕೊಂದು ಬಸ್ಸು ನಾಲ್ಕು ಹಾಲಿನ ವ್ಯಾನು ಬರುವ ಹಳ್ಳಿಯ ರಸ್ತೆಯ ಅಗತ್ಯವೂ ಒಂದೇ ಅಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ. ಗಟ್ಟಿಯಾದುದೆಲ್ಲ ಉತ್ತಮವೆಂಬ ಭ್ರಮೆ ಬೇಡ. ತೆಳುವಾದ ಹಳ್ಳಿಯ ರಸ್ತೆ ಗಾಲಿಯ ಕೆಳಗೆ ಹೆಚ್ಚು ಬಾಗುತ್ತದೆ. ಅಲ್ಲಿಗೆ ಅತಿ ಬಿಗಿಯಾದ ಡಾಂಬರನ್ನು ಹಾಕಿದರೆ ಬಾಗಲಾರದೆ ಬಿರಿಯುತ್ತದೆ.

ಭಾರದ ಬಗ್ಗೆಯೂ ಒಂದು ಲೆಕ್ಕ ಹೇಳಬೇಕು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ, ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಸುಮಾರು ಅದರ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆಂದು ತಿಳಿದುಬಂದಿತು. ಅಂದರೆ ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಐದರಲ್ಲೊಂದು ಪಾಲು ಮಾತ್ರ ಹೆಚ್ಚು ಹೇರಿದರೂ ಹಾನಿ ಇಮ್ಮಡಿ. ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರುಗಳು ಕಲ್ಲುಗಣಿಯಿಂದ ಹೆದ್ದಾರಿಗೆ ಹೋಗಲು ಹಳ್ಳಿಯ ದಾರಿಯನ್ನು ಹಿಡಿದಲ್ಲಿ ಆ ದಾರಿಯ ಗತಿಯೇನೆಂಬುದನ್ನು ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳವರಿಗೆ ವಿವರಿಸಬೇಕಾಗಿಲ್ಲ.

ಇಷ್ಟಾದರೂ ಸರಿಯಾದ ದರ್ಜೆಯ ಡಾಂಬರನ್ನು ಕೊಂಡ ಮಾತ್ರಕ್ಕೆ ರಸ್ತೆ ಉಳಿಯುವುದಿಲ್ಲ. ಹಲವು ರಸ್ತೆಗಳು ಕೆಡುವುದು ಹಾಕುವ ದಿನದ ಆ ಕೆಲವು ಗಂಟೆಗಳಲ್ಲಿಯೇ. ವಿ.ಜಿ. 30 ಡಾಂಬರನ್ನು ಜಲ್ಲಿಯೊಡನೆ ಬೆರೆಸುವಾಗ 150ರಿಂದ 165 ಡಿಗ್ರಿಯವರೆಗೆ ಕಾದಿರಬೇಕು. ಮಿಶ್ರಣವನ್ನು ಹಾಸುವಾಗ 140 ಡಿಗ್ರಿಗೆ ಕಡಮೆಯಿರಬಾರದು. ರೋಲರಿನ ಕೆಲಸ 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಈ ಅಂಕಿಗಳ ಹಿಂದಿರುವುದು ಸ್ನಿಗ್ಧತೆಯ ಲೆಕ್ಕವೇ. ಬೆರೆಸುವಾಗ ಡಾಂಬರು ಎರಡು ಪಾಯ್ಸಿಗಿಂತ ತೆಳುವಾಗಿದ್ದರೆ ಮಾತ್ರ ಪ್ರತಿಯೊಂದು ಕಲ್ಲನ್ನೂ ಆವರಿಸಬಲ್ಲುದು. ರೋಲರು ಓಡುವಾಗ ಸ್ವಲ್ಪ ಮಂದವಾಗಿದ್ದರೆ ಕಲ್ಲುಗಳು ಜಾರದೆ ಒಂದಕ್ಕೊಂದು ಹೊಂದಿ ಕೂರುತ್ತವೆ. ತೀರ ಆರಿದರೆ ಕಲ್ಲುಗಳು ಕದಲುವುದೇ ಇಲ್ಲ, ರೋಲರು ಎಷ್ಟು ಸಲ ಹೋಗಿ ಬಂದರೂ ವ್ಯರ್ಥ. ಹಾಗೆ ಆರಿದ ಮೇಲೆ ಒತ್ತಿದ ಪದರದಲ್ಲಿ ಗಾಳಿಯ ರಂಧ್ರಗಳು ಉಳಿದುಬಿಡುತ್ತವೆ. ಅವು ಶೇಕಡ 8ನ್ನು ಮೀರಿದರೆ ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿಯಾಗುತ್ತವೆ. ಹಳ್ಳಿಯ ರಸ್ತೆಗಳಿಗೆ ಸಾಮಾನ್ಯವಾಗಿ ಹಾಕುವುದು 20 ಮಿಲಿಮೀಟರು ದಪ್ಪದ ಪದರ. ತೆಳು ಪದರ ದಪ್ಪ ಪದರಕ್ಕಿಂತ ಎಷ್ಟೋ ಬೇಗ ಆರುವುದರಿಂದ, ಬಡ ರಸ್ತೆಗೆ ದೊರೆಯುವ ಸಮಯವೇ ಅತ್ಯಲ್ಪ. ಮಿಶ್ರಣ ಘಟಕದಿಂದ ಮೂವತ್ತು ನಲವತ್ತು ಕಿಲೋಮೀಟರು ದೂರದ ಊರಿಗೆ, ತಾಡಪಾಲು ಹೊದಿಸದ ಟಿಪ್ಪರಿನಲ್ಲಿ, ಮಾರ್ಗಶಿರದ ಬೆಳಗಿನ ಗಾಳಿಯಲ್ಲಿ ಮಿಶ್ರಣ ಬಂದಿತೆಂದರೆ ಅದರ ಮೇಲ್ಭಾಗ ಆಗಲೇ ಹೆಪ್ಪುಗಟ್ಟಿರುತ್ತದೆ.

ತಣಿಯುವ ಭಯದಿಂದ ಮೊದಲೇ ಅತಿಯಾಗಿ ಕಾಯಿಸಿಬಿಡುವುದು ಇದಕ್ಕಿಂತ ಘೋರವಾದ ತಪ್ಪು. ಸಣ್ಣ ಕಾಮಗಾರಿಗಳಲ್ಲಿ ಡ್ರಮ್ಮುಗಳನ್ನು ಸೌದೆಯ ಉರಿಯ ಮೇಲಿಟ್ಟು ಕಾಯಿಸುವ ರೂಢಿಯಿದ್ದ ಕಡೆ ಉಷ್ಣಮಾಪಕವನ್ನು ಕಂಡವರು ವಿರಳ. ಹೊಗೆಯ ಬಣ್ಣವೇ ಪ್ರಮಾಣ. ಮಿತಿಮೀರಿ ಕಾದ ಡಾಂಬರಿನಲ್ಲಿರುವ ಹಗುರವಾದ ಎಣ್ಣೆಯಂಶಗಳು ಆವಿಯಾಗುತ್ತವೆ, ಉಳಿದುದು ಗಾಳಿಯ ಆಮ್ಲಜನಕದೊಡನೆ ಕೂಡಿ ಪೆಡಸಾಗುತ್ತದೆ. ಹತ್ತು ವರ್ಷದ ಬಿಸಿಲಿನಲ್ಲಿ ಬರಬೇಕಾದ ಮುಪ್ಪು ಅರ್ಧ ಗಂಟೆಯ ಉರಿಯಲ್ಲಿ ಬರಬಹುದು. ಇಂತಹ ಡಾಂಬರಿನಿಂದ ಹಾಸಿದ ರಸ್ತೆಗೂ ಸರಿಯಾಗಿ ಕಾಯಿಸಿ ಹಾಸಿದ ರಸ್ತೆಗೂ ಉದ್ಘಾಟನೆಯ ದಿನ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇರುವುದಿಲ್ಲ. ಎರಡೂ ಕಪ್ಪಗೆ ಮಿರುಗುತ್ತವೆ. ಮೊದಲ ಚಳಿಗಾಲದ ಬೆಳಗಿನಲ್ಲಿ, ತೋಟದಿಂದ ದ್ರಾಕ್ಷಿ ಹೇರಿಕೊಂಡು ಬರುವ ವಾಹನಗಳ ಕೆಳಗೆ, ಒಂದರಲ್ಲಿ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ; ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅವು ಗುಂಡಿಗಳಾಗುತ್ತವೆ. ಊರಿನವರು ವರ್ಷಗಟ್ಟಲೆ ಅರ್ಜಿ ಕೊಟ್ಟು ಪಡೆದ ರಸ್ತೆ ಹೀಗೆ ಹೋದಾಗ ಅವರು ಬೈಯುವುದು ಮಳೆಯನ್ನು, ಲಾರಿಯನ್ನು. ನಿಜವಾದ ಅಪರಾಧ ನಡೆದುದು ಅವರ ಕಣ್ಣೆದುರಿನ ಡ್ರಮ್ಮಿನಲ್ಲಿ. ಪ್ರಯೋಗಶಾಲೆಯಲ್ಲಿ ಈ ಮುಪ್ಪನ್ನು ಅಳೆಯುವ ಪರೀಕ್ಷೆಯೂ ಇದೆ: ಡಾಂಬರಿನ ತೆಳು ಪೊರೆಯನ್ನು ತಿರುಗುವ ಸೀಸೆಗಳಲ್ಲಿ 163 ಡಿಗ್ರಿಯಲ್ಲಿ 85 ನಿಮಿಷ ಕಾಯಿಸಿ, ಅನಂತರ ಸ್ನಿಗ್ಧತೆ ಎಷ್ಟು ಪಟ್ಟು ಏರಿತೆಂದು ನೋಡುತ್ತಾರೆ. ತಣಿದ ಮಿಶ್ರಣವನ್ನು ಸಡಿಲಗೊಳಿಸಲು ಸೀಮೆಎಣ್ಣೆ ಸುರಿಯುವುದು, ಟಿಪ್ಪರಿನ ತಳಕ್ಕೆ ಅಂಟದಿರಲೆಂದು ಡೀಸೆಲ್ ಬಳಿಯುವುದು, ಇವು ಇನ್ನೊಂದು ತುದಿಯ ಕೇಡುಗಳು. ಅಲ್ಲಿ ಡಾಂಬರು ಎಂದೂ ಗಟ್ಟಿಯಾಗದೆ ಎಳಸಾಗಿಯೇ ಉಳಿಯುತ್ತದೆ.

ಮಾರ್ಚ್ ಮುಗಿಯುವ ಮುನ್ನ ಹಣ ವೆಚ್ಚವಾಗಬೇಕೆಂಬ ಸರ್ಕಾರಿ ಅವಸರವನ್ನು ಹಾಸ್ಯ ಮಾಡುವುದು ವಾಡಿಕೆ. ಆದರೆ ಡಾಂಬರಿನ ಮಟ್ಟಿಗೆ ಈ ಸೀಮೆಯಲ್ಲಿ ಮಾರ್ಚ್ ಅತ್ಯುತ್ತಮ ಮಾಸ. ನೆಲ ಒಣಗಿರುತ್ತದೆ, ಗಾಳಿ ಬೆಚ್ಚಗಿರುತ್ತದೆ. ಮಳೆಯಲ್ಲಿ, ನಿಂತ ನೀರಿನ ಮೇಲೆ, ಇಲ್ಲವೆ ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಇಳಿದಾಗ ಹಾಸಕೂಡದೆಂದು ನಿಯಮವಿದೆ. ಅಕ್ಟೋಬರಿನ ಮಳೆಯ ನಡುವೆ, ಯಾರೋ ಗಣ್ಯರು ಬರುವರೆಂದು ರಾತ್ರೋರಾತ್ರಿ ಹಾಕುವ ತೇಪೆಗಳು ಹೆಚ್ಚು ದಿನ ನಿಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ.

ಬೆಂಗಳೂರು ಗ್ರಾಮಾಂತರದ ಕಲ್ಲಿಗೆ ಸಂಬಂಧಿಸಿದ ವಿಶೇಷವೊಂದು ಇಲ್ಲಿ ಪ್ರಸ್ತುತ. ದೇವನಹಳ್ಳಿ ತಾಲ್ಲೂಕಿನ ಕೊಯಿರಾದ ಕಲ್ಲು ಕೆತ್ತನೆಗೆ ಹೆಸರಾದುದು. ಈ ಜಿಲ್ಲೆಯ ಬಂಡೆಯೆಲ್ಲ ಗ್ರಾನೈಟು, ನೈಸ್ ಜಾತಿಯವು. ಗಟ್ಟಿತನದಲ್ಲಿ ಅವುಗಳಿಗೆ ಎಣೆಯಿಲ್ಲ. ಆದರೆ ಸಿಲಿಕಾ ಹೆಚ್ಚಾಗಿರುವ ಇಂತಹ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆಯೇ ಒಲವು ಹೆಚ್ಚು. ಪೊರೆಯ ಒಂದು ಅಂಚಿನಲ್ಲಿ ನೀರು ನುಸುಳಿತೆಂದರೆ ಡಾಂಬರನ್ನು ಮೆಲ್ಲನೆ ತಳ್ಳಿ ಕಲ್ಲಿನ ಮೈಯನ್ನು ತಾನೇ ಆಕ್ರಮಿಸುತ್ತದೆ. ಮಳೆ ನಿಂತ ಬಳಿಕ ಗುಂಡಿಯ ಸುತ್ತ ಬಿದ್ದಿರುವ ಜಲ್ಲಿಯನ್ನು ಕೈಗೆತ್ತಿಕೊಂಡು ನೋಡಿದರೆ, ಒಂದು ಕಾಲಕ್ಕೆ ಡಾಂಬರು ಹತ್ತಿದ್ದ ಕಲ್ಲು ತೊಳೆದಿಟ್ಟಂತೆ ಬೆಳ್ಳಗಿರುತ್ತದೆ. ಡಾಂಬರು ಮಂದವಾಗಿದ್ದಷ್ಟೂ ನೀರು ಅದನ್ನು ಕದಲಿಸುವುದು ಕಷ್ಟ. ಆದರೆ ತೀರ ಮಂದವಾದುದು ಮೊದಲಲ್ಲಿ ಕಲ್ಲನ್ನು ಸರಿಯಾಗಿ ಅಪ್ಪಿಕೊಳ್ಳುವುದೇ ಇಲ್ಲ. ಮಿಶ್ರಣಕ್ಕೆ ಶೇಕಡ 2ರಷ್ಟು ಅರಳಿದ ಸುಣ್ಣವನ್ನು ಸೇರಿಸುವುದು ಇದಕ್ಕೆ ಪರೀಕ್ಷಿತವಾದ, ಅಗ್ಗದ ಪರಿಹಾರ. ಕೆರೆಯ ಏರಿಯ ಮೇಲೆ, ಅಚ್ಚುಕಟ್ಟಿನ ಪಕ್ಕದಲ್ಲಿ, ಚರಂಡಿಯಿಲ್ಲದ ಊರಿನ ನಡುವೆ ಹಾಯುವ ರಸ್ತೆಗಳಿಗೆ ಇದು ಮುಖ್ಯವಾದುದು. ನೀರಿನ ಬಾಧೆ ಅತಿಯಾದ ಶಿರಾಡಿ ಘಾಟಿಯಲ್ಲಿ 2015 ಮತ್ತು 2018ರಲ್ಲಿ ಎರಡು ಹಂತಗಳಾಗಿ ರಸ್ತೆಯನ್ನೇ ಕಾಂಕ್ರೀಟು ಮಾಡಬೇಕಾಯಿತು.

ಡಾಂಬರಿನ ಹದವನ್ನು ಬೇರೆ ವಸ್ತು ಬೆರೆಸಿ ತಿದ್ದುವ ಯತ್ನಗಳಲ್ಲಿ ಬೆಂಗಳೂರಿಗೆ ಗೌರವದ ಸ್ಥಾನವಿದೆ. ಎಸ್.ಕೆ. ಖನ್ನಾ ಅವರೊಡನೆ ಬರೆದ ಹೆದ್ದಾರಿ ಇಂಜಿನಿಯರಿಂಗಿನ ಪಠ್ಯಪುಸ್ತಕದಿಂದ ದೇಶದ ಸಿವಿಲ್ ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ಸಿ.ಇ.ಜಿ. ಜಸ್ಟೊ ಅವರು ಎ. ವೀರರಾಘವನ್ ಅವರೊಡಗೂಡಿ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ, ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನು ಡಾಂಬರಿಗೆ ಸೇರಿಸಿ ಪರೀಕ್ಷಿಸಿದರು. ಡಾಂಬರಿನ ತೂಕದ ಶೇಕಡ 8ರಷ್ಟು ಪ್ಲಾಸ್ಟಿಕ್ ಸೇರಿದಾಗ ಮಿಶ್ರಣದ ಬಲವೂ ನೀರನ್ನು ತಡೆಯುವ ಶಕ್ತಿಯೂ ಗಮನಾರ್ಹವಾಗಿ ಹೆಚ್ಚಿದುದು ಕಂಡುಬಂದಿತು. 2002ರಿಂದಾಚೆಗೆ ನಗರದ ಹಲವು ರಸ್ತೆಗಳಿಗೆ ಕೆ.ಕೆ. ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್ ಸಂಸ್ಥೆಯವರು ಇದನ್ನು ಬಳಕೆಗೆ ತಂದರು. ಮಧುರೆಯ ತ್ಯಾಗರಾಜರ್ ಕಾಲೇಜಿನ ಆರ್. ವಾಸುದೇವನ್ ಅವರು ಕಾದ ಜಲ್ಲಿಯ ಮೇಲೆಯೇ ಪ್ಲಾಸ್ಟಿಕ್ ಚೂರನ್ನು ಕರಗಿಸಿ ಪೊರೆ ಮಾಡುವ ವಿಧಾನವನ್ನು ಪ್ರಚುರಪಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಈ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗದರ್ಶಿ 2013ರಲ್ಲಿ ಪ್ರಕಟವಾಗಿದೆ. ಕಾಯಿಸಿದರೆ ವಿಷದ ಹೊಗೆ ಕೊಡುವ ಪಿ.ವಿ.ಸಿ.ಯನ್ನು ಅದರಲ್ಲಿ ನಿಷೇಧಿಸಲಾಗಿದೆ. ಪ್ಲಾಸ್ಟಿಕ್ ಸೇರಿದ ಮಾತ್ರಕ್ಕೆ ಎಲ್ಲ ರಸ್ತೆಯೂ ಅಮರವಾಗುತ್ತದೆಂಬ ಪ್ರಚಾರ ಸರಿಯಲ್ಲ. ಅದು ಬೇಸಗೆಯಲ್ಲಿ ಡಾಂಬರನ್ನು ಬಿಗಿಗೊಳಿಸುತ್ತದೆ, ತಳಪಾಯದ ಮತ್ತು ಚರಂಡಿಯ ದೋಷಗಳನ್ನು ಮುಚ್ಚಿಹಾಕಲಾರದು.

ಜಾಡುಬಿದ್ದ, ಬಿರುಕುಬಿಟ್ಟ ಹಳೆಯ ಪದರದ ಗತಿಯೇನೆಂಬ ಪ್ರಶ್ನೆ ಉಳಿಯುತ್ತದೆ. ಜಾಡಿನ ಮೇಲೆ ಹೊಸ ಡಾಂಬರು ಸುರಿದು ಮಟ್ಟ ಮಾಡುವುದರಿಂದ ಪ್ರಯೋಜನ ಕಡಮೆ. ಕೆಳಗಿನ ಸಡಿಲ ಪದರ ಮತ್ತೆ ಸರಿಯುತ್ತದೆ, ರಸ್ತೆಯ ಮಟ್ಟ ಮನೆಯ ಹೊಸ್ತಿಲಿಗಿಂತ ಮೇಲೇರುತ್ತದೆ. ಅದನ್ನು ಯಂತ್ರದಿಂದ ಹೆರೆದು ತೆಗೆಯಬೇಕು. ಹೆರೆದು ತೆಗೆದುದು ಕಸವಲ್ಲ. ಅದರಲ್ಲಿ ಒಳ್ಳೆಯ ಜಲ್ಲಿಯೂ ಮುಪ್ಪಾದ ಡಾಂಬರೂ ಇರುತ್ತವೆ. ಎಳೆಯ ದರ್ಜೆಯ ಹೊಸ ಡಾಂಬರನ್ನು ಲೆಕ್ಕವಿಟ್ಟು ಬೆರೆಸಿದರೆ ಎರಡೂ ಕೂಡಿ ಬೇಕಾದ ಸ್ನಿಗ್ಧತೆಗೆ ಮರಳುತ್ತವೆ. ಇದರ ನಿಯಮಗಳನ್ನೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ರೂಪಿಸಿದೆ. ಹೆದ್ದಾರಿಯನ್ನು ಹೆರೆದ ಪುಡಿಯನ್ನು ಪಕ್ಕದ ಹಳ್ಳದಲ್ಲಿ ಸುರಿದುಹೋಗುವ ಬದಲು ಗ್ರಾಮ ಪಂಚಾಯಿತಿಗಳು ಅದನ್ನು ಕೇಳಿ ಪಡೆದಲ್ಲಿ, ಮಣ್ಣಿನ ದಾರಿಗಳಿಗೆ ಒಂದು ಗಟ್ಟಿ ಹಾಸು ಅಲ್ಪ ವೆಚ್ಚದಲ್ಲಿ ದೊರೆಯುತ್ತದೆ.